ಒಗಟು ಬಿಡಿಸುವವರ ಬಳಗ

ಕಾಲಿನ್ ಡೆಕ್ಸ್‌ಟರ್ 1975ರಲ್ಲಿ ತಮ್ಮ ಮೊದಲ ಪತ್ತೇದಾರಿ ಕಾದಂಬರಿಯನ್ನು ಪ್ರಕಟಿಸಿದಾಗ ಅದರ ನಾಯಕನಿಗೆ ಮೋರ್ಸ್ ಎಂದೂ ಅವನ ಜೊತೆಗಾರ ಸಾರ್ಜೆಂಟನಿಗೆ ಲೂಯಿಸ್ ಎಂದೂ ಹೆಸರಿಟ್ಟರು. ಮುಂದೆ ಟೆಲಿವಿಷನ್ನಿನ ಮೂಲಕ ಎಷ್ಟೋ ದೇಶಗಳ ಮನೆಗಳನ್ನು ತಲುಪಿದ ಈ ಎರಡು ಹೆಸರುಗಳೂ ಹುಟ್ಟಿದ್ದು ಪದಬಂಧದ ಸ್ಪರ್ಧೆಯೊಂದರಲ್ಲಿ. ಲಂಡನ್ನಿನ 'ದಿ ಅಬ್ಸರ್ವರ್' ಪತ್ರಿಕೆಯ ಪದಬಂಧಕ್ಕೆ ಡೆಕ್ಸ್‌ಟರ್ ಉತ್ತರ ಕಳಿಸುತ್ತಿದ್ದ ಕಾಲದಲ್ಲಿ ಅವರಿಗೆ ಸರಿಸಾಟಿಯಾಗಿ ನಿಂತವರು ಸರ್ ಜೆರೆಮಿ ಮೋರ್ಸ್. ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾದವರು. ಲೂಯಿಸ್ ಎಂಬುದು ಅದೇ ಸ್ಪರ್ಧೆಯಲ್ಲಿ ಪಳಗಿದ ಇನ್ನೊಬ್ಬರ ಅಂಕಿತನಾಮ. ತನ್ನ ಜೊತೆ ಸೆಣಸಿದವರ ಹೆಸರನ್ನು ತನ್ನ ಪಾತ್ರಗಳಿಗೆ ಇಡುವುದರಲ್ಲಿ ತುಂಟತನವೂ ಇದೆ, ಗೌರವವೂ ಇದೆ. ಯಾವುದು ಎಷ್ಟು ಎಂದು ಬಿಡಿಸಿ ಹೇಳಲು ಬಾರದಷ್ಟು ಎರಡೂ ಬೆರೆತಿವೆ.

ಈ ಬೆರಕೆಯ ಬಗ್ಗೆಯೇ ನನ್ನ ಮಾತು. ಒಗಟು ಬಿಡಿಸುವವರು, ಪದಬಂಧ ತುಂಬುವವರು, ಸಮಸ್ಯೆಗೆ ಪೂರಣ ಮಾಡುವವರು ಎಲ್ಲಿ ಸೇರಿದರೂ ಅಲ್ಲಿ ಕಾಲೆಳೆಯುವುದು ಇದ್ದೇ ಇರುತ್ತದೆ. ಬುದ್ಧಿಗೆ ಸಂಬಂಧಿಸಿದ ಗಂಭೀರ ಕೆಲಸದ ನಡುವೆ ಸುಮ್ಮನೆ ಬಂದು ಸೇರಿಕೊಂಡ ಹರಟೆ ಅದು ಎಂದು ಹೆಚ್ಚಿನವರ ಎಣಿಕೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಗಟನ್ನು ಪರೀಕ್ಷೆಯಿಂದ ಬೇರೆ ಮಾಡುವುದೇ ಆ ಕೀಟಲೆ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದವರು ಕಾಣುವುದಿಲ್ಲ, ಪಕ್ಕದವರೊಡನೆ ಮಾತಾಡುವಂತಿಲ್ಲ, ಸೋತರೆ ಅದು ಅಂಕಪಟ್ಟಿಯಲ್ಲಿ ಉಳಿದುಬಿಡುತ್ತದೆ. ಒಗಟಿನಲ್ಲಿ ಕೇಳಿದವರು ಎದುರಿಗೇ ಇದ್ದು ನಮ್ಮ ತಿಣುಕಾಟ ನೋಡಿ ನಗುತ್ತಾರೆ. ನಾಳೆ ನಮ್ಮ ಸರದಿ ಬರುತ್ತದೆಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಅಬ್ಸರ್ವರ್ ಪತ್ರಿಕೆಯ ಆ ಸ್ಪರ್ಧೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 1926ರಿಂದ ಅಲ್ಲಿ ಪದಬಂಧ ರಚಿಸುತ್ತಿದ್ದವರು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಟಾರ್ಕ್ವೆಮಾಡಾ ಎಂಬ ವಿಚಾರಣಾಧಿಕಾರಿಯ ಹೆಸರನ್ನೇ ಅವರು ಅಂಕಿತವಾಗಿ ಇಟ್ಟುಕೊಂಡಿದ್ದರು. ಅವರು 1939ರಲ್ಲಿ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಶಾಲಾ ಅಧ್ಯಾಪಕ ಡಿ.ಎಸ್. ಮ್ಯಾಕ್‌ನಟ್ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಹಿಡಿದು 'ಕ್ಸಿಮೆನೆಸ್' ಆದರು. 1972ರಲ್ಲಿ ಜೊನಾಥನ್ ಕ್ರೌದರ್ ಬಂದರು. ಡೆಜಾ ಎಂಬ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ಹಿಂದುಮುಂದು ಮಾಡಿ 'ಅಜೆಡ್' ಎಂದು ಕರೆದುಕೊಂಡರು. ಓದುಗರನ್ನು ಹಿಂಸಿಸುವವನು ನಾನು ಎಂದು ರಚನಕಾರ ಮೊದಲೇ ಒಪ್ಪಿಕೊಂಡು ಆಟಕ್ಕೆ ಇಳಿಯುವುದು ಅಲ್ಲಿ ಮೂರು ತಲೆಮಾರು ನಡೆಯಿತು. ಬಿಡಿಸುವವರು ಬೈಯಲು ಒಂದು ಹೆಸರನ್ನು ಅವರೇ ಒದಗಿಸಿಕೊಟ್ಟಂತಾಯಿತು.

ಆ ಸ್ಪರ್ಧೆಯಲ್ಲಿ ಚೌಕ ತುಂಬಿ ಕಳಿಸಿದರೆ ಸಾಲದು. ಒಂದು ಪದಕ್ಕೆ ಸುಳಿವನ್ನು ಸ್ಪರ್ಧಿಯೇ ಬರೆದು ಕಳಿಸಬೇಕು. ಚೆನ್ನಾಗಿರುವುದು ಯಾವುದು, ಎಡವಿದ್ದು ಎಲ್ಲಿ ಎಂದು ಅಜೆಡ್ ಒಂದು ಸಣ್ಣ ಹಾಳೆಯಲ್ಲಿ ಅಚ್ಚು ಮಾಡಿಸಿ ಸ್ಪರ್ಧಿಗಳಿಗೆ ಕಳಿಸುತ್ತಿದ್ದರು. ಅಂಚೆಯಲ್ಲಿ ಬರುವ ಆ ಹಾಳೆಯಲ್ಲಿ ವರ್ಷದಿಂದ ವರ್ಷಕ್ಕೆ ಅವವೇ ಹೆಸರುಗಳು. ಮುಖ ನೋಡಿರದ ಜನ ಪರಸ್ಪರರ ಯೋಚನೆಯ ದಾರಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಈತ ಪದವನ್ನು ಒಡೆಯುವುದರಲ್ಲಿ ನಿಪುಣ, ಆಕೆ ಅರ್ಥವನ್ನು ಮಡಚುವುದರಲ್ಲಿ ನಿಪುಣೆ ಎಂದು ಗುರುತಿಸುತ್ತಿದ್ದರು. ಪದಬಂಧದ ಸಂಖ್ಯೆ ದೊಡ್ಡ ಮೈಲುಗಲ್ಲು ಮುಟ್ಟಿದಾಗ ಒಂದೆಡೆ ಸೇರಿ ಊಟ ಮಾಡುವ ಪದ್ಧತಿಯೂ ಬೆಳೆಯಿತು. ಒಬ್ಬ ಬ್ಯಾಂಕಿನ ಮುಖ್ಯಸ್ಥ, ಇನ್ನೊಬ್ಬ ಕಿವುಡುತನದಿಂದಾಗಿ ಮೇಷ್ಟ್ರ ಕೆಲಸ ಬಿಟ್ಟ ಲೇಖಕ. ಬೇರೆಲ್ಲೂ ಸಮಾನರಾಗಿ ಕೂರುವ ಸಂದರ್ಭವೇ ಇಲ್ಲದವರು ಒಂದು ಸುಳಿವಿನ ಮುಂದೆ ಸಮಾನರಾದರು.

ಅಲ್ಲಿಂದ ನಮ್ಮ ಕಡೆಗೆ ಬಂದರೆ, ಇಂಗ್ಲೆಂಡಿನವರು ಹರಟೆಯಾಗಿ ಬೆಳೆಸಿದ್ದನ್ನು ನಮ್ಮ ಪರಂಪರೆ ಕಟ್ಟಳೆಯಾಗಿಯೇ ಬರೆದಿಟ್ಟಿದೆ. ಅಷ್ಟಾವಧಾನದಲ್ಲಿ ಪದ್ಯ ಕಟ್ಟುವ ಅವಧಾನಿ ಒಬ್ಬ, ಅವನನ್ನು ಪ್ರಶ್ನಿಸುವ ಪೃಚ್ಛಕರು ಎಂಟು ಜನ. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ ಎಂದು ಏಳು ಜನ ಏಳು ಬಗೆಯ ತೊಡಕು ಒಡ್ಡಿದರೆ ಎಂಟನೆಯವರ ಕೆಲಸವೇ ಅಡ್ಡಮಾತು. ಅವರೇ ಅಪ್ರಸ್ತುತ ಪ್ರಸಂಗಿ. ಅವಧಾನಿ ಪದ್ಯದ ಪಾದವೊಂದನ್ನು ಮನಸ್ಸಿನಲ್ಲಿ ಕಟ್ಟುತ್ತಿರುವಾಗ ಯಾವ ಸಂಬಂಧವೂ ಇಲ್ಲದ ಪ್ರಶ್ನೆ ಎಸೆಯುವ ಅಧಿಕಾರ ಅವರಿಗಿದೆ. ದ್ರೌಪದಿಯ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದಿದ್ದರೆ ಬುಕ್ ಮಾಡುವ ಜವಾಬ್ದಾರಿ ಐವರಲ್ಲಿ ಯಾರದ್ದು ಎಂಬಂಥ ಪ್ರಶ್ನೆ. ಅವಧಾನಿ ತಕ್ಷಣ ಉತ್ತರ ಹೇಳಬೇಕು, ಸಭೆ ನಗಬೇಕು, ಮರುಗಳಿಗೆಯಲ್ಲೇ ಆತ ಬಿಟ್ಟುಬಂದ ಪಾದಕ್ಕೆ ಮರಳಬೇಕು.

ಈ ಕಲೆಯನ್ನು ನೋಡದವರಿಗೆ ಅದರ ಕಷ್ಟ ಗೊತ್ತಾಗಲು ಒಂದೆರಡು ಮಾತು ಬೇಕು. ಒಂದು ಸುತ್ತಿನಲ್ಲಿ ಒಬ್ಬ ಪೃಚ್ಛಕರಿಗೆ ಒಂದೇ ಪಾದ. ನಾಲ್ಕು ಸುತ್ತು ಮುಗಿದಾಗ ಪದ್ಯಗಳು ಪೂರ್ಣವಾಗುತ್ತವೆ. ನಡುವೆ ಅಷ್ಟೂ ಅರೆಬರೆ ಪದ್ಯಗಳನ್ನೂ ಸಂಖ್ಯಾಬಂಧದ ಮನೆಗಳನ್ನೂ ಕಾಗದ-ಪೆನ್ನಿಲ್ಲದೆ ತಲೆಯಲ್ಲೇ ಇಟ್ಟುಕೊಂಡಿರಬೇಕು. ಕೊನೆಗೆ ಧಾರಣೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಒಪ್ಪಿಸಬೇಕು. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಎಂಜಿನಿಯರಿಂಗ್ ಓದಿದ ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನೂ ಹಲವು ಶತಾವಧಾನಗಳನ್ನೂ ನಡೆಸಿ, ಅವಧಾನ ಕಲೆಯ ಮೇಲೆ ಪ್ರಬಂಧ ಬರೆದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪಡೆದ ಮೇಲೆ ಕನ್ನಡದ ನಗರಗಳಲ್ಲಿ ಇದಕ್ಕೆ ಹೊಸ ಪ್ರೇಕ್ಷಕರು ಬಂದರು. ಈ ಪ್ರೇಕ್ಷಕರಲ್ಲಿ ಛಂದಸ್ಸು ಬಲ್ಲವರು ಕೆಲವರು. ಉಳಿದವರನ್ನು ಮೂರು ಗಂಟೆ ಕುರ್ಚಿಯಲ್ಲಿ ಹಿಡಿದಿಡುವುದು ಪೃಚ್ಛಕ ಮತ್ತು ಅವಧಾನಿಯ ನಡುವಿನ ಜಟಾಪಟಿ.

ಆ ಜಟಾಪಟಿಯ ಒಳಗುಟ್ಟು ನಿಷೇಧಾಕ್ಷರಿಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅವಧಾನಿ ಒಂದು ಅಕ್ಷರ ಹೇಳುತ್ತಾನೆ. ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಪೃಚ್ಛಕ ಅದನ್ನು ನಿಷೇಧಿಸುತ್ತಾನೆ. ಅವಧಾನಿ ಆ ದಾರಿ ಬಿಟ್ಟು ಬೇರೆ ಅಕ್ಷರ ಹಿಡಿದು, ಛಂದಸ್ಸೂ ಕೆಡದಂತೆ ಅರ್ಥವೂ ಕೆಡದಂತೆ ಮುಂದೆ ಸಾಗಬೇಕು. ಸುಮ್ಮನೆ ಯಾವುದೋ ಅಕ್ಷರವನ್ನು ಬೇಡವೆಂದರೆ ಪೃಚ್ಛಕನ ದಡ್ಡತನ ಬಯಲಾಗುತ್ತದೆ. ಸರಿಯಾದ ಅಡ್ಡಿ ಹಾಕಬೇಕಾದರೆ ಎದುರಿಗಿರುವವನು ಯಾವ ಶಬ್ದದ ಕಡೆ ಹೊರಟಿದ್ದಾನೆ ಎಂಬುದನ್ನು ಅವನಷ್ಟೇ ಬೇಗ ಕಂಡುಕೊಂಡಿರಬೇಕು. ಚೆನ್ನಾಗಿ ತಡೆಯಬಲ್ಲವನು ಚೆನ್ನಾಗಿ ಬಲ್ಲವನೇ ಆಗಿರುತ್ತಾನೆ. ಅವಧಾನಿ ಬಾಯಿ ತೆರೆಯುವ ಮೊದಲೇ ಪೃಚ್ಛಕ ಆ ಅಕ್ಷರವನ್ನು ಮುಚ್ಚಿದಾಗ ಇಬ್ಬರ ಮುಖದಲ್ಲೂ ಒಂದೇ ಹೊತ್ತಿಗೆ ನಗು ಮೂಡುವುದನ್ನು ನಾನು ಕಂಡಿದ್ದೇನೆ. 'ಸಿಕ್ಕಿಬಿದ್ದೆ' ಎಂಬ ನಗು ಒಬ್ಬರದು, 'ಹಿಡಿದುಬಿಟ್ಟೆ' ಎಂಬ ನಗು ಇನ್ನೊಬ್ಬರದು. ಡೆಕ್ಸ್‌ಟರ್ ಮತ್ತು ಮೋರ್ಸ್ ನಡುವೆ ಅಂಚೆಯ ಮೂಲಕ ಬೆಳೆದದ್ದು ಇಂಥದೇ ಪರಿಚಯ ಎಂದು ನನ್ನ ನಂಬಿಕೆ.

ಸಮಸ್ಯಾಪೂರಣದಲ್ಲೂ ಇದೇ ಸ್ವಭಾವ. ಪದ್ಯದ ಕೊನೆಯ ಸಾಲೊಂದನ್ನು ಪೃಚ್ಛಕ ಕೊಡುತ್ತಾನೆ. ಕೇಳಿದರೆ ಅಸಂಗತ, ಅನರ್ಥ, ಕೆಲವೊಮ್ಮೆ ಅನುಚಿತ. ಗಂಡ ಸತ್ತದ್ದನ್ನು ಕಂಡು ಹೆಂಡತಿ ಹಿಗ್ಗಿದಳು ಎಂಬ ಅರ್ಥದ ಸಾಲು ಬಂತೆಂದುಕೊಳ್ಳಿ. ಅವಧಾನಿ ಮೇಲಿನ ಮೂರು ಸಾಲುಗಳಲ್ಲಿ ಒಂದು ರಂಗಸ್ಥಳ ಕಟ್ಟಿ, ಗದಾಯುದ್ಧದ ಪ್ರಸಂಗ ಇಟ್ಟು, ಗಂಡನಿಗೆ ಕೌರವನ ವೇಷ ಹಾಕಿಸಿ, ತೊಡೆ ಮುರಿದು ಬಿದ್ದ ಪಾತ್ರದ ಅಭಿನಯವನ್ನು ಜನ ಮೆಚ್ಚುವಂತೆ ಮಾಡಿದರೆ ಹೆಂಡತಿಯ ಹಿಗ್ಗು ನ್ಯಾಯವಾಗುತ್ತದೆ. ಭೋಜನ ಆಸ್ಥಾನದಲ್ಲಿ ಬರೀ ಠಕಾರಗಳ ಸಮಸ್ಯೆ ಬಂದಾಗ ಕಾಳಿದಾಸ ಅದನ್ನು ಮೆಟ್ಟಿಲುಗಳ ಮೇಲೆ ಉರುಳಿದ ಚಿನ್ನದ ಕೊಡದ ಸದ್ದಾಗಿ ಮಾಡಿದನೆಂಬ ಕಥೆಯನ್ನು ಜನ ಇಂದಿಗೂ ಬಾಯಿಂದ ಬಾಯಿಗೆ ದಾಟಿಸುವುದು ಈ ಸೊಗಸಿಗಾಗಿಯೇ. ದತ್ತಪದಿಯಲ್ಲಿ ತಿಂಡಿಯ ಹೆಸರುಗಳನ್ನು ಕೊಟ್ಟು ಕುರುಕ್ಷೇತ್ರದ ಮೇಲೆ ಪದ್ಯ ಮಾಡು ಎನ್ನುತ್ತಾರೆ. ಅವಧಾನಿ ಕೃಷ್ಣನ ಕೈಗೆ ಪಾಂಚಜನ್ಯ ಕೊಟ್ಟು 'ಪೂರಿಸಿದನು' ಎಂದರೆ ಪೂರಿ ಯುದ್ಧಭೂಮಿಗೆ ಬಂದಂತಾಯಿತು. ಇದನ್ನೆಲ್ಲ ಮಾಡಿಸುವ ಪೃಚ್ಛಕನಲ್ಲಿ ಹಗೆ ಇಲ್ಲ. ನೀನು ಇದನ್ನು ಮಾಡಬಲ್ಲೆ ಎಂಬ ಗಟ್ಟಿಯಾದ ನಂಬಿಕೆ ಇದೆ. ಮಾಡಲಾರದವನ ಮುಂದೆ ಯಾರೂ ಇಂಥ ಸಾಲು ಇಡುವುದಿಲ್ಲ.

ಅಪ್ರಸ್ತುತ ಪ್ರಸಂಗವನ್ನು ಒಪ್ಪದ ವಿದ್ವಾಂಸರಿದ್ದಾರೆ. ಕಾವ್ಯದ ನಡುವೆ ಇದೇನು ಹಗುರ ಮಾತು, ಜನರನ್ನು ನಗಿಸಲು ಕೊಟ್ಟ ರಿಯಾಯಿತಿ ಎಂದು ಅವರ ದೂರು. ಈ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಳೆಯ ಸಿನಿಮಾ ಜೋಕುಗಳನ್ನು ಬರೆದುಕೊಂಡು ಬಂದು ಓದುವವರೂ, ಹೆಂಗಸರ ಮೇಲಿನ ಸವಕಲು ನಗೆಮಾತನ್ನೇ ತಿರುತಿರುಗಿ ಹೇಳುವವರೂ ಆ ಕುರ್ಚಿಯಲ್ಲಿ ಕೂತದ್ದುಂಟು. ಆದರೆ ಅದು ಕೂತವರ ಬಡತನ. ಆ ಅಂಗಕ್ಕೆ ಬೇರೆ ಯಾವುದೂ ಮಾಡಲಾಗದ ಒಂದು ಕೆಲಸವಿದೆ. ಸಮಸ್ಯೆಯ ಸಾಲು ಮೊದಲೇ ತಿಳಿದಿತ್ತೇನೋ, ದತ್ತಪದಿಯ ಪದಗಳು ಕಿವಿಗೆ ಬಿದ್ದಿದ್ದವೇನೋ ಎಂಬ ಅನುಮಾನ ಸಭೆಯ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತದೆ. ಈಗಷ್ಟೇ ಸಭೆಯಲ್ಲಿ ಮೊಳಗಿದ ಮೊಬೈಲಿನ ಮೇಲೆ, ತಡವಾಗಿ ಬಂದ ಮುಖ್ಯ ಅತಿಥಿಯ ಮೇಲೆ ಕೇಳಿದ ಪ್ರಶ್ನೆಗೆ ಯಾರೂ ಮನೆಯಲ್ಲಿ ಸಿದ್ಧತೆ ಮಾಡಿಕೊಂಡು ಬರಲಾಗದು. ಆ ಉತ್ತರ ಹುಟ್ಟುವುದನ್ನು ನೋಡಿದವರಿಗೆ ಪದ್ಯಗಳೂ ಹೀಗೆಯೇ ಹುಟ್ಟುತ್ತಿವೆ ಎಂಬ ಭರವಸೆ ಬರುತ್ತದೆ. ಕೀಟಲೆಯೇ ಇಲ್ಲಿ ಸಾಕ್ಷಿ ಹೇಳುತ್ತದೆ.

ವೇದಿಕೆಯಿಂದ ಇಳಿದು ಬೀದಿಗೆ ಬಂದರೂ ಮಾತು ಬದಲಾಗುವುದಿಲ್ಲ. ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಹಾಕಿ ಹೇಳಬೇಕೆಂದು ಹೊಸ ಮದುವಣಗಿತ್ತಿಯನ್ನು ಸುತ್ತುವರಿದು ಪೀಡಿಸುತ್ತಾರೆ. ಅವಳ ಒಡಪು ಚುರುಕಾಗಿದ್ದರೆ ಪೀಡಿಸಿದವರೇ ಮೊದಲು ಚಪ್ಪಾಳೆ ತಟ್ಟುತ್ತಾರೆ. ಹೊಸ ಮನೆಯಲ್ಲಿ ಅವಳಿಗೆ ಸಿಗುವ ಮೊದಲ ಗೆಲುವು ಅದೇ ಇರಬಹುದು.

ನಮ್ಮ ಪತ್ರಿಕೆಗಳ ಪದಬಂಧಕ್ಕೂ ಇಂಥ ಬಳಗಗಳಿವೆ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ಬೆಳಗಿನ ಹೊತ್ತು ಕೂರುವ ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ರಾಯರು. ಒಗ್ಗದ ಸುಳಿವಿನ ಮೇಲೆ ಅವರ ಸಂಭಾಷಣೆ ಹೀಗಿರುತ್ತದೆ:

"ಏನ್ ಮೇಷ್ಟ್ರೇ, ಮೇಲಿನಿಂದ ಕೆಳಕ್ಕೆ ಏಳು ಹಾಗೇ ಖಾಲಿ ಬಿಟ್ಟಿದ್ದೀರಲ್ಲ?"

"ನಿಮಗೋಸ್ಕರ ಉಳಿಸಿದ್ದೀನಿ ರಾಯರೇ. ಬೆಳಗ್ಗೆ ಎದ್ದು ಇಷ್ಟು ದೂರ ಬಂದಿದ್ದಕ್ಕೆ ಒಂದಾದರೂ ಕೆಲಸ ಬೇಡ್ವೆ?"

ಕನ್ನಡ ಪದಬಂಧದ ಜಗಳಗಳು ಕನ್ನಡದ್ದೇ. ಒಂದು ಮನೆಗೆ ಇಡೀ ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ಅಡ್ಡಸಾಲಿಗೆ 'ಕಿ' ಬೇಕು, ಉದ್ದಸಾಲಿಗೆ 'ಕೀ' ಬೇಕು ಎಂದಾದರೆ ರಚನಕಾರರ ಮೇಲೆ ಆ ದಿನ ಇಬ್ಬರೂ ಒಂದಾಗಿ ಮುಗಿಬೀಳುತ್ತಾರೆ. ಮೇಷ್ಟ್ರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾಗ ರಾಯರು ದಿನವೂ ಫೋನು ಮಾಡಿ ಸುಳಿವುಗಳನ್ನು ಓದಿ ಹೇಳುತ್ತಿದ್ದರು. ಎಷ್ಟು ಅಕ್ಷರ, ಯಾವುದು ಕೂಡಿದೆ, ಎಲ್ಲ ಹೇಳುತ್ತಿದ್ದರು. ತಮಗೆ ಗೊತ್ತಾದ ಉತ್ತರವನ್ನು ಮಾತ್ರ ಎಷ್ಟು ಬೇಡಿದರೂ ಹೇಳುತ್ತಿರಲಿಲ್ಲ.

ಈ ಹೇಳದಿರುವಿಕೆಯಲ್ಲಿ ಇಡೀ ಬಳಗದ ನೀತಿ ಇದೆ ಎಂದು ನನಗೆ ಅನ್ನಿಸುತ್ತದೆ. ಇಂದು ಯಾವ ಸುಳಿವನ್ನು ಫೋನಿಗೆ ಕೇಳಿದರೂ ಅದು ಉತ್ತರ ಒದರುತ್ತದೆ. ಉತ್ತರಕ್ಕೆ ಬೆಲೆಯೇ ಉಳಿದಿಲ್ಲ. ಹಾಗಿದ್ದರೂ ಜನ ಪದಬಂಧದ ಮುಂದೆ ಇಬ್ಬಿಬ್ಬರಾಗಿ ಕೂರುತ್ತಾರೆ, ಅವಧಾನಕ್ಕೆ ಬರುತ್ತಾರೆ. ಉತ್ತರ ಗೊತ್ತಿದ್ದೂ ಹೇಳದೆ, ನಮ್ಮ ತಲೆಯಲ್ಲೇ ಅದು ಹೊಳೆಯುವವರೆಗೆ ಕಾದು, ಆ ಕಾಯುವ ಹೊತ್ತನ್ನು ಕೀಟಲೆಯಿಂದ ತುಂಬುವವರು ಬೇಕು. ಕಾಯುವುದರಲ್ಲಿ ನಮ್ಮ ಬುದ್ಧಿಯ ಮೇಲಿನ ಗೌರವ ಇದೆ. ಕೀಟಲೆ ಆ ಗೌರವವನ್ನು ಭಾರವಾಗದಂತೆ ತಲುಪಿಸುತ್ತದೆ. ಗೆಳೆಯನೊಬ್ಬ ಗಂಭೀರವಾಗಿ 'ನಿಮ್ಮ ಸಾಮರ್ಥ್ಯದಲ್ಲಿ ನನಗೆ ವಿಶ್ವಾಸವಿದೆ' ಎಂದರೆ ನಮಗೆ ಮುಜುಗರವಾದೀತು.

ಇಂಥ ಬಳಗದ ಭಾಷೆ ಎಷ್ಟು ದೊಡ್ಡ ಮಾತನ್ನಾದರೂ ಹೊರಬಲ್ಲದು. ಮುಂದೆ 'ಅರಾಕೇರಿಯಾ' ಎಂಬ ಅಂಕಿತ ಇಟ್ಟುಕೊಂಡ ಜಾನ್ ಗ್ರಹಾಂ ಎಂಬ ಪಾದ್ರಿ 1958ರಿಂದ 'ಗಾರ್ಡಿಯನ್' ಪತ್ರಿಕೆಗೆ ಪದಬಂಧ ರಚಿಸುತ್ತಿದ್ದರು. ಸುಳಿವುಗಳ ತುಂಟತನಕ್ಕೆ ಅವರು ಹೆಸರಾದವರು. 2013ರ ಜನವರಿಯಲ್ಲಿ ಬಂದ ಅವರ ಒಂದು ಪದಬಂಧವನ್ನು ಬಿಡಿಸಿದವರಿಗೆ ಒಂದೊಂದಾಗಿ ಪದಗಳು ಸಿಕ್ಕವು: ಕ್ಯಾನ್ಸರ್, ಅನ್ನನಾಳ, ಉಪಶಮನ ಚಿಕಿತ್ಸೆ. ರಚನಕಾರನಿಗೆ ಏನಾಗಿದೆಯೆಂಬುದನ್ನು ಬಿಡಿಸುವವರು ತಾವೇ ಅಕ್ಷರ ಜೋಡಿಸಿ ಓದಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಐವತ್ತು ವರ್ಷಕ್ಕೂ ಮೀರಿ ಓದುಗರನ್ನು ಪೀಡಿಸಿ ನಗಿಸಿದವರಿಗೆ, ಅವರೊಡನೆ ಆಡಲು ಇದಕ್ಕಿಂತ ಪ್ರಾಮಾಣಿಕವಾದ ಇನ್ನೊಂದು ಭಾಷೆ ಇರಲಿಲ್ಲ.

ಹಾಗೆಂದು ಎಲ್ಲ ಬಳಗವೂ ಒಳ್ಳೆಯದಲ್ಲ. ಒಗಟಿನ ಬಳಗ ಬಹುಬೇಗ ಬಾಗಿಲು ಹಾಕಿಕೊಳ್ಳುತ್ತದೆ, ಕೀಟಲೆಯೇ ಅದರ ಚಿಲಕವಾಗುತ್ತದೆ. ಹತ್ತು ವರ್ಷದ ಹಿಂದಿನ ಯಾವುದೋ ತಮಾಷೆಗೆ ಹಳಬರೆಲ್ಲ ನಗುವಾಗ ಹೊಸದಾಗಿ ಬಂದವರು ಸುಮ್ಮನೆ ಕೂರಬೇಕು. ಈರುಳ್ಳಿಗೆ 'ಉಳ್ಳಾಗಡ್ಡಿ' ಎಂದು ಬರೆದ ಧಾರವಾಡದವರನ್ನು ನೋಡಿ ಮೈಸೂರು ಕಡೆಯವರು ನಕ್ಕರೆ ಅದು ಎರಡು ರೀತಿಯದಾಗಿರಬಹುದು. 'ನಿಮ್ಮ ಗಡ್ಡೆಗೆ ನಮ್ಮ ಚೌಕ ಸಾಲದು' ಎಂದರೆ ಧಾರವಾಡದವರು 'ಚೌಕ ದೊಡ್ಡದು ಮಾಡ್ರಿ' ಎನ್ನಬಹುದು, ಆಟ ಮುಂದುವರಿಯುತ್ತದೆ. 'ಇಷ್ಟೂ ಕನ್ನಡ ಬಾರದೆ?' ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಅವರು ಮತ್ತೆ ಬರುವುದಿಲ್ಲ. ಕೀಟಲೆಗೂ ಹೀಯಾಳಿಕೆಗೂ ನಾನು ಕಾಣುವ ವ್ಯತ್ಯಾಸ ಇದು: ಮರುಮಾತಿಗೆ ಜಾಗ ಉಳಿದಿದೆಯೇ? ಅವಧಾನದ ರಚನೆಯಲ್ಲಿ ಆ ಜಾಗ ಖಾತ್ರಿಯಾಗಿದೆ. ಅಪ್ರಸ್ತುತ ಪ್ರಸಂಗಿ ಏನೇ ಕೇಳಿದರೂ ಕೊನೆಯ ಮಾತು ಅವಧಾನಿಯದ್ದು. ನಮ್ಮ ದಿನನಿತ್ಯದ ಬಳಗಗಳಲ್ಲಿ ಅಂಥ ಕಟ್ಟಳೆ ಇಲ್ಲವಾದ್ದರಿಂದ ಹಳಬರೇ ಅದನ್ನು ಪಾಲಿಸಬೇಕಾಗುತ್ತದೆ. ಹೊಸಬರನ್ನು ಛೇಡಿಸುವ ಮೊದಲು ತಮ್ಮನ್ನು ಛೇಡಿಸಲು ಒಂದೆರಡು ಅವಕಾಶ ಅವರಿಗೆ ಕೊಡಬೇಕು.

ಅವಧಾನದ ಸಭೆಗಳೂ ಈ ವಿಷಯದಲ್ಲಿ ಮಾಡಬೇಕಾದದ್ದು ಇದೆ. ಬಹುಕಾಲ ಪೃಚ್ಛಕರ ಸಾಲು ಸಂಸ್ಕೃತ-ಹಳಗನ್ನಡ ಓದಿದ ಗಂಡಸರದೇ ಆಗಿತ್ತು. ಈಚೆಗೆ ಹೆಣ್ಣುಮಕ್ಕಳೂ ಕಿರಿಯರೂ ಕೂರುತ್ತಿದ್ದಾರೆ, ಇನ್ನೂ ಹೆಚ್ಚಬೇಕು. ನಿಷೇಧಾಕ್ಷರಿಗೂ ಸಮಸ್ಯೆಗೂ ಛಂದಸ್ಸಿನ ಅಭ್ಯಾಸ ಬೇಕೇ ಬೇಕು, ಅದು ವರ್ಷಗಳ ಮಾತು. ಅಪ್ರಸ್ತುತ ಪ್ರಸಂಗಿಗೆ ಬೇಕಾದದ್ದು ಚುರುಕು ಕಿವಿ, ಹೆದರದ ನಾಲಗೆ, ಇಂದಿನ ಬದುಕಿನ ತಿಳಿವಳಿಕೆ. ಮಂದಾಕ್ರಾಂತ, ಶಾರ್ದೂಲವಿಕ್ರೀಡಿತಗಳ ಹೆಸರು ಕೇಳಿರದವರೂ ವೇದಿಕೆ ಹತ್ತಬಹುದಾದ ಕುರ್ಚಿ ಅದು. ಅದನ್ನು ಪರಿಚಯದ ಹಾಸ್ಯಗಾರರಿಗೆ ಮೀಸಲಿಡುವ ಬದಲು ಆಯಾ ಊರಿನ ಕಾಲೇಜಿನ ವಿದ್ಯಾರ್ಥಿನಿಗೆ, ಬಸ್ ಕಂಡಕ್ಟರಿಗೆ, ತರಕಾರಿ ಮಾರುವ ಹೆಂಗಸಿಗೆ ಸಂಘಟಕರು ಕೊಟ್ಟು ನೋಡಲಿ. ಅವರು ಕೇಳುವ ಪ್ರಶ್ನೆಗಳು ಅವಧಾನಿ ಈವರೆಗೆ ಎದುರಿಸಿರದ ಪ್ರಶ್ನೆಗಳಾಗಿರುತ್ತವೆ. ಅಂದು ನಕ್ಕುಹೋದವರಲ್ಲಿ ಯಾರಾದರೊಬ್ಬರು ಮರುವರ್ಷ ಗಣ, ಮಾತ್ರೆ, ಯತಿ ಎಂದರೇನೆಂದು ಕೇಳಿಕೊಂಡು ಬಂದರೆ, ಹೇಳಿಕೊಡಲು ಒಬ್ಬ ಪೃಚ್ಛಕರಾದರೂ ಬಿಡುವು ಮಾಡಿಕೊಂಡಿರಬೇಕು.